ಕಣಕ್ಕೆ ಹೋದ ಉಣ್ಣೆ ಚಡ್ಡಿ

ನಿನ್ನೆ ನಮ್ಮ ಯಜಮಾನರು ಪೇಟೆಯಿಂದ ಚಳಿಗೆ ಒಳಗೆ ತೊಡುವ ಥರ್ಮಲ್ ಜೋಡಿಯೊಂದನ್ನು ತಂದು, ಬನಿಯನ್ನನ್ನು ಅಂಗಿಯ ಮೇಲೇ ಹಿಡಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದರು. "ಈ ಚಳಿಗಾಲ ಮಾಳಿಗಿ ಮ್ಯಾಲ ಮಕ್ಕಂತೀನಿ, ಚುಕ್ಕಿ ನೋಡಿ ಭಾಳ ದಿನ ಆತು" ಎಂದರು. ಎಪ್ಪತ್ತು ದಾಟಿದ ಮೇಲೆ ಬಂದ ಹುಚ್ಚು ನೋಡಿ! ನೆಗಡಿಯಾದರೆ ಕಷಾಯ ಕಾಸುವವಳು ಯಾರು? ಬೈಯಬೇಕೆಂದೇ ಬಾಯಿ ತೆರೆದೆ. ಆದರೆ ಹೊಸ ಬಟ್ಟೆಯ ವಾಸನೆ ಮೂಗಿಗೆ ಬಂದದ್ದೇ ತಡ, ನಗು ಬಂದುಬಿಟ್ಟಿತು. ಯಾಕೆಂದು ನಿಮಗೆ ಹೇಳಲೇಬೇಕು.

ನಾನು ಕಂಪ್ಲಿಯ ಈ ಮನೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದಲ್ಲಿ. ಕಾಲುವೆ ನೀರು ಹರಿದು, ಮನೆಯಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. ಮಾತಿಗಂತೂ ಇರಲೇ ಇಲ್ಲ. ಸುಗ್ಗಿ ಬಂತೆಂದರೆ ನಮ್ಮ ಮಾವ ಭತ್ತದ ರಾಶಿ ಕಾಯಲು ಕಣದಲ್ಲೇ ಮಲಗುತ್ತಿದ್ದರು. ಕಳ್ಳರ ಭಯ ಎನ್ನುತ್ತಿದ್ದರು, ಅದು ಬರೀ ನೆಪ. ಹೊಸ ಭತ್ತದ ಪಕ್ಕದಲ್ಲಿ ಮಲಗದಿದ್ದರೆ ಅವರ ಪಾಲಿಗೆ ಆ ವರ್ಷ ಬೆಳೆ ಬಂದಂತೆಯೇ ಅಲ್ಲ.

ಒಂದು ವರ್ಷ ಅವರಿಗೆ ಉಬ್ಬಸ ಹಿಡಿಯಿತು. "ಎದಿ, ಅಂಗಾಲು ಎರಡೂ ಬೆಚ್ಚಗಿರಬೇಕ್ರಿ ಯಜಮಾನ್ರ. ಇಲ್ಲಂದ್ರ ಹೊರಗ ಮಲಗೋದು ಬ್ಯಾಡ" ಎಂದುಬಿಟ್ಟರು ಡಾಕ್ಟರು. ಕಂಬಳಿ ಹೊದಿಸಿದರೆ ನಿದ್ದೆಯಲ್ಲಿ ಒದ್ದು ದೂರ ಮಾಡುವ ಮನುಷ್ಯ. ಇನ್ನು ಅಂಗಾಲು? ರಾಶಿ ಎಂದರೆ ಲಕ್ಷ್ಮಿ, ಕಣದಲ್ಲಿ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ. ಕಾಲುಚೀಲವಾದರೂ ಹಾಕಿಕೊಳ್ಳಿ ಎಂದರೆ "ಕಾಲಿಗೆ ಹಾಕೋದೆಲ್ಲಾ ಚಪ್ಪಲಿ ಇದ್ದಂಗ" ಎಂದು ಮುಖ ತಿರುಗಿಸಿದರು. ಕಾಯಲು ಆಳನ್ನು ಕಳಿಸುತ್ತೇನೆಂದು ನಮ್ಮವರು ಹೇಳಿದ ದಿನ ಮಾವ ಅರ್ಧ ರೊಟ್ಟಿ ಬಿಟ್ಟು ಎದ್ದರು.

ಅದನ್ನು ಅತ್ತೆಗೆ ನೋಡಲಾಗಲಿಲ್ಲ. "ಕಣಕ್ಕ ಹೋಗಲಿಲ್ಲಂದ್ರ ಇವರು ಮನ್ಯಾಗ ಕುಂತು ಕೊರಗ್ತಾರ. ಉಣ್ಣಿದು ಒಳಗ ಹಾಕ್ಕಣಾದು ಸಿಗ್ತೈತಂತ. ನಡಿಯವ್ವಾ ಹೊಸಪ್ಯಾಟಿಗೆ" ಎಂದರು.

ಹೋದೆವು. ಆದರೆ ಗಂಡಸರ ಒಳಉಡುಪನ್ನು ಇಬ್ಬರು ಹೆಂಗಸರು ಕೇಳುವುದು ಹೇಗೆ? ಮೊದಲು ಟವಲು ನೋಡಿದೆವು, ಆಮೇಲೆ ಬೆಡ್‌ಶೀಟು. ಕೊನೆಗೆ ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದರು. ಅಂಗಡಿಯವ ಪುಣ್ಯಾತ್ಮ, "ಏ, ಮ್ಯಾಲಿಂದ ಉಲನ್ ಚಡ್ಡಿ ಇಳಸಲೇ!" ಎಂದು ಇಡೀ ಬಜಾರಿಗೆ ಕೇಳುವಂತೆ ಕೂಗಿದ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅತ್ತೆ ಮಾತ್ರ ಅಷ್ಟರಲ್ಲಿ ವ್ಯಾಪಾರಕ್ಕಿಳಿದಿದ್ದರು. ಒಂದೊಂದನ್ನೂ ಕೆನ್ನೆಗೆ ಉಜ್ಜಿ, ಬೆಳಕಿಗೆ ಹಿಡಿದು, "ಇದು ಚುಚ್ಚತೈತಿ", "ಇದ್ರಾಗ ಗಾಳಿ ಹೋಗತೈತಿ" ಎಂದು ತಳ್ಳುತ್ತಾ, ದಟ್ಟ ಹೆಣಿಗೆಯ ಮೆತ್ತನೆಯ ಜೋಡಿಯೊಂದನ್ನು ಆರಿಸಿದರು: ತುಂಬುತೋಳಿನ ಬನಿಯನ್, ಪಾದದವರೆಗೆ ಬರುವ ಉದ್ದ ಚಡ್ಡಿ.

"ಅಳತಿ ಹೇಳ್ರಿ ಯವ್ವಾ."

ಗಂಡನ ಹೆಸರನ್ನೇ ಬಾಯಲ್ಲಿ ಹೇಳದವರು ಅಳತೆ ಎಲ್ಲಿಂದ ಹೇಳಿಯಾರು! ಸುತ್ತ ನೋಡಿ, ಅಂಗಡಿಯ ಮುಂದೆ ನಿಂತಿದ್ದ ಬಸ್ ಕಂಡಕ್ಟರನ್ನು ತೋರಿಸಿ "ಅವರಷ್ಟ ಎತ್ತರ" ಎಂದರು. ಅವನನ್ನು ಒಳಗೆ ಕರೆದು ಖಾಕಿಯ ಮೇಲೇ ಅಳೆದದ್ದಾಯಿತು. "ದಿನಾ ಎಂತೆಂಥ ಮಂದಿನ್ನ ನೋಡ್ತೀನಿ, ಚಡ್ಡಿ ಅಳತಿಗೆ ನಿಲ್ಲಿಸಿದವರು ನೀವ ಮೊದಲ್ರಿ" ಎಂದು ಅವನು ನಕ್ಕ.

ಮನೆಗೆ ಬಂದು ಮಾವ ತೊಟ್ಟರೆ, ಚಡ್ಡಿಯ ಕಾಲು ಪಾದ ದಾಟಿ ಗೇಣುದ್ದ ನೆಲಕ್ಕೆ ಬಿದ್ದಿತ್ತು. ಅತ್ತೆ ಅವರನ್ನು ತಲೆಯ ಮೇಲೆ ರುಮಾಲಿಲ್ಲದೆ ನೋಡಿದ್ದೇ ಕಡಿಮೆ. ರುಮಾಲಿನ ಎತ್ತರವನ್ನೂ ಸೇರಿಸಿಯೇ ಕಂಡಕ್ಟರನ್ನು ಹುಡುಕಿದ್ದರು! ನಾನು ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ. ಇಣುಕಿದರೆ, ಅತ್ತೆಯ ಮುಖ ಸಣ್ಣದಾಗಿತ್ತು.

ಮಾವ ಬೈಯಲಿಲ್ಲ. ಕೂತು, ಉಳಿದ ಬಟ್ಟೆಯನ್ನು ಕಾಲ್ಬೆರಳುಗಳ ಮೇಲೆಳೆದು ಅಂಗಾಲಿನಡಿ ಮಡಚಿದರು. ಕಾಲು ಅಲ್ಲಾಡಿಸಿ ನೋಡಿದರು. "ಇದು ಚಪ್ಪಲಿ ಅಲ್ಲ, ಕಾಲುಚೀಲಾನೂ ಅಲ್ಲ. ಚಡ್ಡಿ. ಕಣದಾಗ ಚಡ್ಡಿ ಬ್ಯಾಡ ಅಂತ ಯಾರೂ ಹೇಳಿಲ್ಲ" ಎಂದರು. ಸಂಜೆಗೆ ಕಂಬಳಿ ಹೆಗಲಿಗೇರಿತು.

ಅತ್ತೆಗೆ ಧೈರ್ಯ ಸಾಲಲಿಲ್ಲ. ಬೆಳಕು ಹರಿಯುತ್ತಲೇ ನನ್ನನ್ನೂ ಕರೆದುಕೊಂಡು ಕಣಕ್ಕೆ ಹೊರಟರು. ಚಪ್ಪಲಿ ಅಂಚಿನಲ್ಲಿ ಬಿಟ್ಟು, ಮಲಗಿದ್ದ ಮಾವನ ಬಳಿ ಬಾಗಿ ಕಿವಿಗೊಟ್ಟರು. ಉಸಿರು ಸರಾಗವಾಗಿತ್ತು, ಗೊರಕೆ ಸಮೇತ. ಅತ್ತೆ ಅಲ್ಲೇ ರಾಶಿಯ ಪಕ್ಕ ಕುಳಿತು ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ಅವತ್ತಿನಿಂದ ಅವರು ನನಗೆ ಬರೀ ಅತ್ತೆಯಾಗಿ ಉಳಿಯಲಿಲ್ಲ.

ಇಷ್ಟೆಲ್ಲ ನೆನಪಾದ ಮೇಲೆ ಬೈಗುಳ ಎಲ್ಲಿ ಉಳಿಯುತ್ತದೆ? "ನಿಮಗ ಒಬ್ಬರಿಗೇ ತಂದೀರೇನು?" ಎಂದು ಯಜಮಾನರನ್ನು ಕೇಳಿದೆ. ಅವರು ಚೀಲದಿಂದ ಇನ್ನೊಂದು ಜೋಡಿ ತೆಗೆದರು. ಬಿಡಿಸಿ ನೋಡಿದರೆ, ಅದು ನಾನು ಈ ಮನೆಗೆ ಕಾಲಿಟ್ಟಾಗ ಇದ್ದೆನಲ್ಲ, ಆ ಹುಡುಗಿಗೆ ಆಗುವಂಥದು. ಈಗ ನನ್ನ ಒಂದು ತೋಳೂ ಅದರಲ್ಲಿ ಹೋಗದು.

"ಅಳತಿ ಯಾರ್ನ ಕೇಳಿದ್ರಿ?"

"ಕೇಳಾದೇನು? ನಾ ನಿನ್ನ ನೋಡಿಲ್ಲೇನು!" ಎಂದರು, ಒಂಚೂರೂ ಅನುಮಾನವಿಲ್ಲದೆ.

ನಾಳೆ ದೊಡ್ಡದೊಂದು ತರಲು ಹೇಳಿದ್ದೇನೆ. ಇದನ್ನು ಮಾತ್ರ ವಾಪಸು ಕೊಡುವುದಿಲ್ಲ.