ಬೋಪಣ್ಣನವರ ಹಂದಿ ಬೇಟೆ

2023ರ ಚಳಿಗಾಲದಲ್ಲಿ ನಾನು ದೋಹಾದ ಮದೀನತ್ ಖಲೀಫಾದಲ್ಲಿರುವ ಟ್ರಾವೆಲ್ ಏಜೆನ್ಸಿಯೊಂದರಲ್ಲಿ ಸೀನಿಯರ್ ಟೂರ್ ಕನ್ಸಲ್ಟೆಂಟ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಜನರನ್ನು ರಜೆಗೆ ಅವರು ಕೇಳಿದಲ್ಲಿಗೆ ಕಳಿಸುವುದು, ಅಲ್ಲಿ ಎಸಿ ತಣ್ಣಗಿಲ್ಲವೆಂದು ಬೈದರೆ ಬೈಸಿಕೊಳ್ಳುವುದು. ಜಾರ್ಜಿಯಾ, ಸಲಾಲಾ, ಉಮ್ರಾ ಯಾತ್ರೆ ಇವನ್ನೆಲ್ಲ ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ. ಹಂದಿಯ ವಿಷಯಕ್ಕೆ ಬಂದರೆ, ಮೈಸೂರಿನ ನಮ್ಮ ಅಗ್ರಹಾರದ ಮೋರಿಯಂಚಿನಲ್ಲಿ ಓಡಾಡುತ್ತಿದ್ದವಷ್ಟೇ ನನಗೆ ಗೊತ್ತು. ಅಂಥ ನನ್ನ ಮೇಜಿನ ಮುಂದೆ ಒಂದು ಭಾನುವಾರ ಬೆಳಿಗ್ಗೆ ಬಂದು ಕೂತ ಯುವಕ, "ಮೇಡಂ, ಒಂದು ಕಾಡುಹಂದಿ ಬೇಟೆ ಬುಕ್ ಮಾಡ್ಬೇಕಿತ್ತು" ಎಂದ.

ಇವನು ನಂಜಪ್ಪ, ಕೊಡಗಿನವನು, ಹಮದ್ ಬಂದರಿನಲ್ಲಿ ಕೆಲಸ. ಇವನ ಚಿಕ್ಕಪ್ಪ ಬೋಪಣ್ಣ ಇಲ್ಲಿನ ಗ್ಯಾಸ್ ಘಟಕವೊಂದರಲ್ಲಿ ಬಹಳ ಕಾಲ ಸೂಪರ್‌ವೈಸರ್ ಆಗಿದ್ದು, ಅರವತ್ತು ತುಂಬಿ, ಆ ಡಿಸೆಂಬರ್‌ನಲ್ಲಿ ಕೆಲಸ ಮುಗಿಸಿ ಊರಿಗೆ ಹೊರಡುವವರಿದ್ದರು. ತಂದೆ ತೀರಿಕೊಂಡ ಮೇಲೆ ನಂಜಪ್ಪನನ್ನು ಓದಿಸಿ ಕತಾರಿಗೆ ಕರೆಸಿಕೊಂಡವರು ಇದೇ ಚಿಕ್ಕಪ್ಪ. ಪ್ರಾಯದಲ್ಲಿ ಅವರು ಒಂದೇ ಗುಂಡಿಗೆ ಹಂದಿ ಬೀಳಿಸುತ್ತಿದ್ದರಂತೆ. ಊರಿನಲ್ಲಿ ಬೇಟೆ ನಿಷಿದ್ಧವಾಗಿ ಎಷ್ಟೋ ಕಾಲವಾಯಿತು. ಹಾಗಾಗಿ ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ದೇಶಕ್ಕೆ ಕರೆದೊಯ್ದು ಅವರಿಗೆ ಕೊನೆಯದೊಂದು ಬೇಟೆ ಕೊಡಿಸಬೇಕು ಎಂಬುದು ಇವನ ಆಸೆ. "ಆದರೆ ಅವರಿಗೆ ಗೊತ್ತಾಗ್ಬಾರ್ದು ಮೇಡಂ. ಸರ್‌ಪ್ರೈಸ್" ಎಂದ. ನನ್ನ ಕಸುಬಿನಲ್ಲಿ ನಾನು ಅತಿ ಹೆಚ್ಚು ದ್ವೇಷಿಸುವ ಪದ ಅದು.

ನಮ್ಮ ಮ್ಯಾನೇಜರ್ ಹನೀಫ್ ಬಂಟ್ವಾಳದ ಕಡೆಯವರು, ಒಳ್ಳೆಯ ಮನುಷ್ಯ. ವಿಷಯ ಕೇಳಿ ಕನ್ನಡಕ ತೆಗೆದಿಟ್ಟರು. "ಎಂತ ಮೇಡಂ, ನಮ್ಮ ಆಫೀಸಿಗೆ ಬೇರೆ ಪ್ರಾಣಿ ಸಿಕ್ಕಲಿಲ್ವಾ?" ಎಂದವರು, ಗಿರಾಕಿಯನ್ನು ಕಳೆದುಕೊಳ್ಳಲು ಮನಸ್ಸಾಗದೆ, "ಆಯ್ತು ಮಾಡಿ. ಬಿಲ್ಲಿನಲ್ಲಿ ವೈಲ್ಡ್‌ಲೈಫ್ ಟೂರ್ ಅಂತ ಹಾಕಿ" ಎಂದು ಅಪ್ಪಣೆ ಕೊಟ್ಟರು.

ಚಿಕ್ಕಪ್ಪ, ನಂಜಪ್ಪ ಇಬ್ಬರೂ ತಮ್ಮ ತಮ್ಮ ಕಂಪನಿಗಳ ತರಬೇತಿಗೆಂದು ಹ್ಯೂಸ್ಟನ್‌ಗೆ ಹೋಗಿಬಂದವರಾದ್ದರಿಂದ ಅಮೆರಿಕದ ವೀಸಾ ಇಬ್ಬರಲ್ಲೂ ಇತ್ತು. ಟೆಕ್ಸಾಸ್‌ನಲ್ಲಿ ಕಾಡುಹಂದಿಯೆಂದರೆ ಬೆಳೆ ಹಾಳುಮಾಡುವ ಪೀಡೆ. ಅಲ್ಲಿನ ರ‍್ಯಾಂಚ್‌ಗಳು, ಅಂದರೆ ಸಾವಿರಾರು ಎಕರೆಯ ಖಾಸಗಿ ದನದ ಮಾಳಗಳು, ಗೈಡ್, ಬಂದೂಕು, ಊಟ, ವಸತಿ ಎಲ್ಲ ಸೇರಿಸಿ ಹಂದಿ ಬೇಟೆಯನ್ನು ಪ್ಯಾಕೇಜ್ ಮಾಡಿ ಮಾರುತ್ತವೆ. ಹತ್ತು ಹನ್ನೆರಡು ಕಡೆಗೆ ಪತ್ರ ಬರೆದೆ. ಬಂದ ಹೆಚ್ಚಿನ ಉತ್ತರಗಳಲ್ಲಿ ಒಂದೇ ಒಂದು ಮಾತು ದಪ್ಪಕ್ಷರದಲ್ಲಿರುತ್ತಿತ್ತು: ಹಂದಿ ಸಿಗುವುದು ಗ್ಯಾರಂಟಿ.

ನನಗೆ ಬೇಟೆ ಗೊತ್ತಿಲ್ಲದಿದ್ದರೂ ಗ್ಯಾರಂಟಿ ಗೊತ್ತು. ಡಾಲ್ಫಿನ್ ಕಾಣಿಸುವುದು ಗ್ಯಾರಂಟಿ ಎನ್ನುವವನ ಡಾಲ್ಫಿನ್ ಈಜುಕೊಳದಲ್ಲಿರುತ್ತದೆ. ಕೆದಕಿ ಕೇಳಿದಾಗ ಸಂಗತಿ ಹೊರಬಿತ್ತು. ಬೇರೆಡೆ ಬೋನಿಟ್ಟು ಹಿಡಿದ ಹಂದಿಗಳನ್ನು ತಂದು ಎತ್ತರದ ಬೇಲಿಯೊಳಗೆ ಬಿಡುತ್ತಾರೆ. ಟೈಮರ್ ಇಟ್ಟ ಡಬ್ಬದಿಂದ ದಿನವೂ ಹೊತ್ತಿಗೆ ಸರಿಯಾಗಿ ಮೆಕ್ಕೆಜೋಳ ಉದುರುತ್ತದೆ, ಹಂದಿ ತಿನ್ನಲು ಬರುತ್ತದೆ, ಗಿರಾಕಿ ಮರದ ಗೂಡಿನಲ್ಲಿ ಕುರ್ಚಿ ಹಾಕಿಕೊಂಡು ಹೊಡೆಯುತ್ತಾನೆ. ಇದನ್ನು ನಂಜಪ್ಪನಿಗೆ ಬಿಡಿಸಿ ಹೇಳಿದೆ.

"ಇರಲಿ ಮೇಡಂ. ಬೇಲಿ ದೂರ ಇರುತ್ತಲ್ಲ, ಚಿಕ್ಕಪ್ಪನಿಗೆ ಕಾಣಲ್ಲ."

"ಬೇಟೆ ಆಡಿದವರಿಗೆ ಗೊತ್ತಾಗಲ್ವೇನಪ್ಪಾ?"

"ಅವರಿಗೆ ಮಂಡಿ ಆಪರೇಷನ್ ಆಗಿದೆ. ಅಷ್ಟು ದೂರ ಹೋಗಿ ಬರಿಗೈಲಿ ಬಂದ್ರೆ ಮನಸ್ಸಿಗೆ ಹಚ್ಕೋತಾರೆ. ನಂಗೆ ಗ್ಯಾರಂಟಿನೇ ಬೇಕು."

ಹನೀಫ್ ಕೂಡ ಅವನ ಪರ. "ಗ್ಯಾರಂಟಿ ಉಂಟಲ್ಲ ಮೇಡಂ, ಕೊಟ್ಟುಬಿಡಿ. ಖಲಾಸ್" ಎಂದರು. ಅದಾದ ಮೇಲೆ ನಂಜಪ್ಪ ದಿನಕ್ಕೊಂದು ಪ್ರಶ್ನೆ ಕಳಿಸತೊಡಗಿದ. ಮಾಂಸ ದೋಹಾಕ್ಕೆ ತರಬಹುದಾ? ಕತಾರಿಗೆ ಹಂದಿಮಾಂಸ ತರುವಂತಿಲ್ಲವೆಂಬುದು ಇಲ್ಲಿ ಇಳಿದ ಮೊದಲ ದಿನವೇ ಎಲ್ಲರಿಗೂ ತಿಳಿದಿರುತ್ತದೆ, ಆದರೂ ಕೇಳಿದ. ಕೋರೆಹಲ್ಲು? ಅದೂ ಇಲ್ಲ. ಹೋಗುವಾಗ ಕಾಚಂಪುಳಿ ಒಯ್ಯಬಹುದಾ? ಹಂದಿ ಸಾರಿಗೆ ಹಾಕುವ ಆ ಕಪ್ಪು ಹುಳಿಯ ಬಾಟಲಿಗಾಗಿ ನಾನು ವಿಮಾನ ಕಂಪನಿಗೆ ಎರಡು ಸಲ ಫೋನ್ ಮಾಡಿದೆ. ನನ್ನ ತಾಳ್ಮೆಗೂ ಒಂದು ಮಿತಿ ಇದೆ.

ಮಿತಿ ಮುಗಿದದ್ದು ಪರವಾನಗಿಯ ವಿಷಯದಲ್ಲಿ. ಖಾಸಗಿ ಜಮೀನಿನಲ್ಲಿ ಹಂದಿ ಹೊಡೆಯಲು ಬೇಟೆ ಲೈಸೆನ್ಸ್ ಬೇಕಿಲ್ಲ ಎಂದು ರ‍್ಯಾಂಚ್‌ಗಳೆಲ್ಲ ಬರೆದಿದ್ದವು. ಅದು ಅಲ್ಲಿನವರ ಮಟ್ಟಿಗೆ ನಿಜ. ಆದರೆ ವೀಸಾ ಮೇಲೆ ಹೋದ ಪರದೇಶಿ ಅಮೆರಿಕದಲ್ಲಿ ಬಂದೂಕು ಮುಟ್ಟಬೇಕಾದರೆ ಅವನ ಹತ್ತಿರ ಬೇಟೆ ಲೈಸೆನ್ಸ್ ಇರಬೇಕು, ಬಂದೂಕು ಗೈಡಿನದೇ ಆದರೂ ಸರಿ. ಇದನ್ನು ಯಾವ ರ‍್ಯಾಂಚಿನವರೂ ಹೇಳಿರಲಿಲ್ಲ. ನಾನು ಹುಡುಕಿ ಓದಿದ್ದರಿಂದ ತಿಳಿಯಿತು, ಇಲ್ಲದಿದ್ದರೆ ಚಿಕ್ಕಪ್ಪನಿಗೆ ಜೈಲಿನ ಸರ್‌ಪ್ರೈಸ್ ಸಿಗುತ್ತಿತ್ತು. ಚಿಕ್ಕಪ್ಪನ ಲೈಸೆನ್ಸಿನ ಅರ್ಜಿಯಲ್ಲಿ ಎತ್ತರ, ಕಣ್ಣಿನ ಬಣ್ಣ ಕೇಳಿದ್ದರು. ನಂಜಪ್ಪನನ್ನು ಕೇಳಿದರೆ, "ಕಣ್ಣು ನಾರ್ಮಲ್ ಮೇಡಂ" ಎಂದು ಬರೆದು ಕಳಿಸಿದ.

ಸಾಕೆನಿಸಿತು. ಫೋನ್ ಎತ್ತಿ ನೇರವಾಗಿ ಬೋಪಣ್ಣನವರಿಗೇ ಕರೆ ಮಾಡಿ, ಸರ್‌ಪ್ರೈಸನ್ನು ಒಡೆದು ಹಾಕಿದೆ.

"ನಂಗೆ ಲೈಸೆನ್ಸ್ ಬೇಡಮ್ಮ" ಎಂದರು. "ನಾನು ಜನ್ಮದಲ್ಲಿ ಹಂದಿ ಹೊಡೆದವನಲ್ಲ."

"ಒಂದೇ ಗುಂಡಿಗೆ ಬೀಳಿಸ್ತಿದ್ರಿ ಅಂತ ನಂಜಪ್ಪ ಹೇಳಿದ್ರಲ್ಲ ಸರ್?"

"ಹೊಡೀತಿದ್ದದ್ದು ಅಣ್ಣ, ಇವನಪ್ಪ. ನಾನು ಪೊದೆ ಬಡಿದು ಹಂದಿ ಎಬ್ಬಿಸೋರ ಜೊತೆ ಓಡ್ತಿದ್ದೆ. ಆಮೇಲೆ ಕೊಯ್ದು, ಬೇಟೆಗೆ ಬಂದೋರಿಗೆಲ್ಲ ಪಾಲು ಹಾಕ್ತಿದ್ದೆ. ಅಣ್ಣ ಮನೆಗೆ ಬಂದು ತಾನು ಹೊಡೆದದ್ದನ್ನೆಲ್ಲ ನನ್ನ ಹೆಸರಲ್ಲಿ ಹೇಳೋನು. ತಮ್ಮ ಖುಷಿಪಡಲಿ ಅಂತ. ಮಕ್ಕಳಿಗೂ ಅದನ್ನೇ ಹೇಳಿಬಿಟ್ಟ."

ಹಾಗಾದರೆ ಪ್ರವಾಸ ರದ್ದು ಮಾಡಲೇ ಎಂದು ಕೇಳಿದೆ. ಅವರ ದನಿ ಒಮ್ಮೆಲೇ ಬದಲಾಯಿತು. "ಬೇಡ ಅನ್ಬೇಡಿಯಮ್ಮ. ಊರಲ್ಲಿ ಇನ್ನು ಬೇಟೆ ಇಲ್ಲ, ಇರಲೂಬಾರದು. ಕೊನೆಗೊಂದ್ಸಲ ಕೂತು ಪಾಲು ಹಾಕ್ಬೇಕು ಅಂತ ಆಸೆ ಇದೆ. ಆದರೆ ಬೇಲಿಯೊಳಗಿನದ್ದು ಬೇಡ. ತಪ್ಪಿಸಿಕೊಳ್ಳೋಕೆ ದಾರಿ ಇಲ್ಲದ್ದನ್ನ ಹೊಡೆದರೆ ಅದನ್ನ ಹ್ಯಾಗೆ ಪಾಲು ಹಾಕೋದು? ಅದು ಅಂಗಡಿ ಮಾಂಸ." ನನಗೆ ಕೋಪವೆಲ್ಲ ಇಳಿದುಹೋಯಿತು. ಇಷ್ಟು ಸಣ್ಣ ಆಸೆಯನ್ನು ಇಟ್ಟುಕೊಂಡಿದ್ದ ಮನುಷ್ಯನನ್ನು ಬಿಟ್ಟು ಉಳಿದವರೆಲ್ಲರೊಡನೆ ನಾನು ವಾರಗಟ್ಟಲೆ ತಲೆ ಚಚ್ಚಿಕೊಂಡಿದ್ದೆ.

ಮರುದಿನ ಇಬ್ಬರನ್ನೂ ಆಫೀಸಿಗೆ ಕರೆಸಿ, ಇದನ್ನು ನೀವೇ ಹೇಳಿ ಎಂದು ಬೋಪಣ್ಣನವರನ್ನು ಮುಂದೆ ಮಾಡಿದೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ನಂಜಪ್ಪ ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡ. ಅಪ್ಪನ ಮೇಲೆ ಸಿಟ್ಟೋ ಅಭಿಮಾನವೋ, ನನಗೆ ತಿಳಿಯಲಿಲ್ಲ.

"ಸರಿ, ಹಾಗಾದ್ರೆ ಬಂದೂಕು ಹಿಡಿಯೋರು ನೀವು" ಎಂದು ನಾನು ನಂಜಪ್ಪನ ಹೆಸರಿಗೆ ಲೈಸೆನ್ಸ್ ಅರ್ಜಿ ತೆರೆದೆ.

"ಮೇಡಂ... ನಾನೂ ಹೊಡೆದಿಲ್ಲ. ಕೈಲ್ ಪೊಳ್ದ್, ನಮ್ಮ ಆಯುಧದ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ ಇಟ್ಟದ್ದು ಬಿಟ್ರೆ."

"ಕಾಯಿ ಒಡೀತಾ?" ಎಂದು ಬೋಪಣ್ಣನವರೇ ಕೇಳಿದರು.

"ಇಲ್ಲ ಚಿಕ್ಕಪ್ಪ."

ಹಂದಿ ಹೊಡೆಯಲು ಬಾರದ ಇಬ್ಬರು ಬೇಟೆಗಾರರಿಗಾಗಿ ನಾನು ಒಂದು ತಿಂಗಳು ಟೆಕ್ಸಾಸ್ ಜಾಲಾಡಿದ್ದೆ. ಪಕ್ಕದ ಕೋಣೆಯಲ್ಲಿ ಹನೀಫ್ ನಗುವುದು ಗೋಡೆಯಾಚೆಯಿಂದ ಕೇಳುತ್ತಿತ್ತು.

ಒಂದು ಲಾಭವಾಯಿತು. ಇನ್ನು ಏನನ್ನು ಹುಡುಕಬೇಕೆಂದು ತಿಳಿದಿತ್ತು. ಗ್ಯಾರಂಟಿ ಎಂದವರನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕಿದೆ. ಉಳಿದವರಲ್ಲಿ ಒಂದು ರ‍್ಯಾಂಚ್, ಗಂಡ ಹೆಂಡತಿ ನಡೆಸುವಂಥದ್ದು, ನನ್ನ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸಿತು. ದನ ತಡೆಯುವ ಗಿಡ್ಡ ತಂತಿ ಬಿಟ್ಟರೆ ಬೇಲಿಯಿಲ್ಲ, ಹಂದಿಗಳು ಬಂದರೆ ಬಂದವು. ಮೊದಲ ದಿನ ಗುರಿ ಅಭ್ಯಾಸ ಕಡ್ಡಾಯ, ಅದರಲ್ಲಿ ಪಾಸಾಗದವರಿಗೆ ಬೇಟೆಯಿಲ್ಲ. ಮಂಡಿ ನೋವಿನವರು ಜೀಪಿನಲ್ಲಿ ಹತ್ತಿರದವರೆಗೆ ಹೋಗಿ, ಉಳಿದಷ್ಟನ್ನು ನಿಧಾನವಾಗಿ ನಡೆಯಬಹುದು. ಬಂದೂಕು ಹಿಡಿಯದವರು ನೋಡುಗರಾಗಿ ಜೊತೆಗಿರಬಹುದು. ಕಾಡುಹಂದಿಯಿಂದ ರೋಗ ತಗಲಬಹುದಾದ್ದರಿಂದ ಕೊಯ್ಯುವಾಗ ಕೈಗವಸು ಹಾಕಲೇಬೇಕು, ಆದರೆ ಕೊಯ್ಯಲು, ಅಡಿಗೆ ಮಾಡಲು ಯಾರ ಅಡ್ಡಿಯೂ ಇಲ್ಲ. ಅದನ್ನೇ ಬುಕ್ ಮಾಡಿದೆ. ಬರಿಗೈಲಿ ಬಂದರೆ ನನ್ನನ್ನು ಬೈಯಬಾರದೆಂದು ಇಬ್ಬರಿಂದಲೂ ಬಾಯಿಮಾತಿನಲ್ಲಿ ಒಪ್ಪಿಗೆ ಪಡೆದೆ.

ಒಪ್ಪಿಗೆಗೆ ಏನು ಬೆಲೆ! ರ‍್ಯಾಂಚ್ ತಲುಪಿ, ಗುರಿ ಅಭ್ಯಾಸದಲ್ಲಿ ಹೇಗೋ ಪಾಸಾದ ನಂಜಪ್ಪ ಎರಡನೆಯ ದಿನ ಅಲ್ಲಿಂದಲೇ ಫೋನ್ ಮಾಡಿ ಕೂಗಾಡಿದ. ಹಂದಿಗಳು ಸುಳಿಯಲೇ ಇಲ್ಲವಂತೆ, ಗ್ಯಾರಂಟಿಯದನ್ನೇ ಮಾಡಬೇಕಿತ್ತಂತೆ. ಟೆಕ್ಸಾಸಿನ ಹಂದಿಗಳನ್ನು ದೋಹಾದಿಂದ ನಾನು ಹೇಗೆ ಓಡಿಸಿಕೊಂಡು ಬರಲಿ ಎಂದು ಕೇಳಿ ಫೋನಿಟ್ಟೆ. ಇಟ್ಟಮೇಲೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಹುಡುಗನ ಕೂಗಾಟ ನನಗೆ ಹೊಸದಲ್ಲ. ಆದರೆ ಬೋಪಣ್ಣನವರಿಗೆ ಬೇಲಿಯಿಲ್ಲದ ಮಾಳ ಹುಡುಕಿಕೊಟ್ಟು, ಅವರ ಆಸೆಗೆ ನಾನೇ ಅಡ್ಡಗಾಲು ಹಾಕಿದೆನೇ ಎಂದು ಹೆದರಿದೆ.

ಈ ಬುಕಿಂಗ್ ಆದಂದಿನಿಂದ ನಾನೊಂದು ನಿಯಮ ಮಾಡಿಕೊಂಡಿದ್ದೇನೆ. ಯಾರ ಸಲುವಾಗಿ ಪ್ರವಾಸವೋ ಅವರ ಬಾಯಿಂದ ಕೇಳದೆ ಬುಕಿಂಗ್ ಮುಟ್ಟುವುದಿಲ್ಲ. ದುಡ್ಡು ಕೊಡುವವನಿಗೆ ಗ್ಯಾರಂಟಿ ಬೇಕಿರುತ್ತದೆ, ಹೋಗುವವನಿಗೆ ಬೇಕಿರುವುದು ಬೇರೆಯೇ ಇರುತ್ತದೆ. ಇದರಿಂದ ಒಂದಿಷ್ಟು ಗಿರಾಕಿಗಳು ಮುನಿಸಿಕೊಂಡು ಎದ್ದುಹೋದದ್ದೂ ಉಂಟು.

ಅವರ ಪ್ರವಾಸದ ಕೊನೆಯ ದಿನ ಮತ್ತೆ ಫೋನ್ ಬಂತು. ಬೈಗುಳಕ್ಕೆ ಸಿದ್ಧಳಾಗಿಯೇ ಎತ್ತಿಕೊಂಡೆ. ಈ ಸಲ ಬೋಪಣ್ಣನವರು. ಅಲ್ಲಿ ಅಂದು ಬೆಳಿಗ್ಗೆ ನಂಜಪ್ಪನ ಗುಂಡಿಗೆ ಒಂದು ಹಂದಿ ಬಿದ್ದಿತ್ತು. ಅವರ ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಪಾಲು ಹಾಕ್ತಾ ಇದ್ದೀನಮ್ಮ. ನಿಮ್ಮದು ಯಾರಿಗೆ ಕೊಡಲಿ?"

"ನನ್ನದಾ? ನಾನು ತಿನ್ನೋಳೂ ಅಲ್ಲ, ಅಲ್ಲಿ ಇದ್ದೋಳೂ ಅಲ್ಲ ಸರ್. ಅಲ್ಲಿನ ನಾಯಿಗೆ ಹಾಕಿ" ಎಂದೆ. ಮೇಜಿನ ಮೇಲೆ ಬೇರೆ ಫೋನು ಹೊಡೆದುಕೊಳ್ಳುತ್ತಿತ್ತು.

"ನಾಯಿಗೆ ಅದರ ಪಾಲು ಹೋಗಿದೆ. ಗೈಡಿಗೆ, ಮನೆಯವರಿಗೆ, ನಂಜಪ್ಪನಿಗೆ ಕೊಟ್ಟಾಯ್ತು. ಅಣ್ಣನ ಹೆಸರಿಂದೂ ಎತ್ತಿಟ್ಟೆ. ಬೇಟೆಗೆ ಕೈ ಹಾಕಿದವರ ಪಾಲು ತಪ್ಪಿಸೋ ಹಾಗಿಲ್ಲ. ನಿಮ್ಮದೊಂದೇ ಉಳಿದಿದೆ, ಹೇಳಿ."

ಇಷ್ಟು ವರ್ಷಗಳಲ್ಲಿ ಪ್ರವಾಸದ ನಡುವೆ ನನಗೆ ಬಂದ ಕರೆಗಳೆಲ್ಲ ದೂರಿನವು. ನನ್ನ ಪಾಲು ಎತ್ತಿಟ್ಟು ಫೋನ್ ಮಾಡಿದವರು ಇವರೊಬ್ಬರೇ. ಹೊಡೆದುಕೊಳ್ಳುತ್ತಿದ್ದ ಇನ್ನೊಂದು ಫೋನನ್ನು ಎತ್ತಿ ಕೆಳಗಿಟ್ಟು, "ಅಡಿಗೆ ಮಾಡೋರು ನೀವೇ ತಾನೆ ಸರ್? ನನ್ನ ಪಾಲು ನೀವೇ ಉಣ್ಣಿ" ಎಂದೆ.