ಎದುರು ಮನೆ ಆಂಟಿಯ ಹಾವು

ಮೊನ್ನೆ ಬೇಸ್‌ಮೆಂಟಿನಲ್ಲಿ ಕಪಾಟು ಕೂರಿಸಲು ಬಂದವರು ಮರ ಕೊಯ್ದು ಹೋದ ಮೇಲೆ ಮೂಲೆಯಲ್ಲಿ ಒಂದಿಷ್ಟು ಹೊಟ್ಟು ಉಳಿದಿತ್ತು. ಗುಡಿಸಲು ಬಗ್ಗಿದವಳಿಗೆ ಆ ಮರದ ವಾಸನೆ ಮೂಗಿಗೆ ತಾಕಿತು. ಪೊರಕೆ ಹಿಡಿದು ಹಾಗೇ ಕುಳಿತುಬಿಟ್ಟೆ. ಎದುರು ಮನೆ ಆಂಟಿಯ ಮನೆಯಲ್ಲಿ, ಹ್ಯಾಮ್‌ಸ್ಟರ್‌ನ ಮರದ ಹೊಟ್ಟು ಹಾಸಿದ ಗೂಡಿನಿಂದ ಸದಾ ಬರುತ್ತಿದ್ದ ವಾಸನೆ ಅದು...

ತೊಂಬತ್ತರ ದಶಕ. ನಾನು ಮದುವೆಯಾಗಿ ಅಮೆರಿಕದ ಹರ್ನ್‌ಡನ್‌ಗೆ ಬಂದ ಹೊಸತು. ಗಂಡ ಬೆಳಿಗ್ಗೆ ಟೋಲ್ ರೋಡು ಹಿಡಿದು ಹೋದರೆ ಬರುವುದು ಸಂಜೆಗೆ. ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ, ಕಾರು ಓಡಿಸಲೂ ಬರುತ್ತಿರಲಿಲ್ಲ. ಕಿಟಕಿಯ ಬಳಿ ಕೂತು, ಹತ್ತಿರದ ಡಲ್ಲಸ್ ಏರ್‌ಪೋರ್ಟ್ ಕಡೆಗೆ ತಗ್ಗಿ ಇಳಿಯುವ ವಿಮಾನಗಳು ಯಾವ ಊರಿನಿಂದ ಬಂದವೋ ಎಂದು ಊಹಿಸುತ್ತಿದ್ದೆ. ಎದುರು ಬಾಗಿಲಿನ ಆಂಟಿ ಬಂದು "ಬಾರೇ, ಕಾಫಿ ಹಾಕ್ತೀನಿ" ಎಂದಾಗಲೇ ನನಗೆ ಬೆಳಗಾಗುತ್ತಿದ್ದುದು.

ಆಂಟಿ ಮೈಸೂರಿನವರು. ಅಂಕಲ್ ಪ್ರಾಜೆಕ್ಟ್ ಮೇಲೆ ಅಟ್ಲಾಂಟಾದಲ್ಲಿದ್ದರು. ಮನೆಯಲ್ಲಿ ಆಂಟಿ, ಮೂರನೇ ಕ್ಲಾಸಿನ ಮಗಳು, ಮತ್ತು ಬಾಲವೇ ಕಾಣದ ದುಂಡು ಇಲಿಯಂಥ ಆ ಹ್ಯಾಮ್‌ಸ್ಟರ್. ಹೊಸ ಸ್ಕೂಲಿಗೆ ಸೇರಿದ ಮೇಲೆ ಹುಡುಗಿ ಮಾತೇ ನಿಲ್ಲಿಸಿದ್ದಳು. ಬಾಯಿ ಬಿಟ್ಟರೆ ಒಂದೇ ವಿಷಯ, ಹಾವು. ಲೈಬ್ರರಿಯಿಂದ ತರುವುದೂ ಹಾವಿನ ಪುಸ್ತಕಗಳನ್ನೇ. ಆಂಟಿಗೋ ಆ ಹೆಸರೆತ್ತಲೂ ಭಯ, "ಹುಳ" ಎನ್ನುತ್ತಿದ್ದರು. ಮಗಳು ಮಲಗಿದ ಮೇಲೆ ಪುಸ್ತಕಗಳನ್ನು ಮುಖ ಕೆಳಗಾಗಿಸಿ ಇಡುತ್ತಿದ್ದರಂತೆ.

"ಒಂದು ತಂದ್ಕೊಡು ಅಂತಾಳೆ ಕಣೇ," ಎಂದರು ಒಂದು ದಿನ. "ಬೇಡ ಅಂದ್ರೆ ಇರೋ ಆ ನಾಲ್ಕು ಮಾತೂ ನಿಂತೋಗುತ್ತೆ. ನೀನೂ ಬಾ, ಒಬ್ಳೇ ಹೋಗೋಕೆ ನನ್ ಕೈಲಾಗಲ್ಲ."

ಶನಿವಾರ ಮೂವರೂ ಸಾಕುಪ್ರಾಣಿಗಳ ಅಂಗಡಿಗೆ ಹೋದೆವು. ಅಂಗಡಿಯೊಳಗೆ ನೀರೊಳಗಿನಂಥ ಹಸಿರು ಬೆಳಕು, ಸಾಲಾಗಿ ಗಾಜಿನ ಪೆಟ್ಟಿಗೆಗಳು. ಮೊದಲ ಪೆಟ್ಟಿಗೆಯ ಮುಂದೆ ನಿಂತ ಆಂಟಿ ತಮಗೇ ತಿಳಿಯದಂತೆ ಕೈಮುಗಿದರು. ಹುಡುಗಿ ಮಾತ್ರ ಒಂದು ಕಾರ್ನ್ ಸ್ನೇಕ್ ಎದುರು ಮೈಮರೆತಿದ್ದಳು. ಮಾವಿನ ಹಣ್ಣಿನ ಬಣ್ಣದ ಮೈ, ಮೇಲೆ ಕೆಂಪು ಮಚ್ಚೆ. "ದಿಸ್ ಒನ್, ಅಮ್ಮಾ!" ಅಷ್ಟು ಜೋರಾಗಿ ಅವಳು ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇದೇನು ತಿನ್ನುತ್ತದೆ ಎಂದು ಆಂಟಿ ಕೇಳಿದರು. ಇಲಿ, ಫ್ರೀಜರ್‌ನಲ್ಲಿಟ್ಟು ಮಾರುವ ಸತ್ತ ಇಲಿಮರಿ, ಎಂದ ಅಂಗಡಿಯ ಮುದುಕ. ಮನೆಯಲ್ಲಿ ಹ್ಯಾಮ್‌ಸ್ಟರ್ ಇದೆಯೆಂದು ತಿಳಿದಾಗ ತಲೆ ಕೆರೆದುಕೊಂಡ. ಹಾವು ದೊಡ್ಡದಾದ ಮೇಲೆ ತಪ್ಪಿಸಿಕೊಂಡರೆ ಅದನ್ನೂ ಬಿಡುವುದಿಲ್ಲ, ಎಂದ.

ಆಂಟಿ ಮಗಳ ಮುಂದೆ ಮೊಣಕಾಲೂರಿದರು. "ನೋಡು ಪುಟ್ಟಿ, ಒಂದು ಇಲಿ ಮರೀನ ಮುದ್ದು ಮಾಡ್ತಾ, ಇನ್ನೊಂದನ್ನ ಫ್ರೀಜರ್‌ನಿಂದ ತೆಗೆದು ಹಾಕೋಕೆ ಆಗುತ್ತಾ ನಿನ್ ಕೈಲಿ?"

ಹುಡುಗಿಯ ಕಣ್ಣು ತುಂಬಿದವು. ಮತ್ತೊಮ್ಮೆ ಆ ಮಾವಿನ ಬಣ್ಣದ ಹಾವನ್ನು ನೋಡಿದಳು. ತುಂಬ ಹೊತ್ತಿನ ಮೇಲೆ ತಾನೇ ಮುದುಕನ ಬಳಿ ಹೋಗಿ, ಇಲಿ ತಿನ್ನದ ಹಾವು ಇದೆಯೇ ಎಂದು ಕೇಳಿದಳು. ಅವನು ತೋರಿಸಿದ್ದು ಪೆನ್ಸಿಲ್ ಗಾತ್ರದ ಒಂದು ಗಾರ್ಟರ್ ಹಾವು. ಮಣ್ಣಿನ ಬಣ್ಣ, ಬೆನ್ನ ಮೇಲೊಂದು ಹಳದಿ ಗೆರೆ. ಎರೆಹುಳ, ಸಣ್ಣ ಮೀನು ಅದರ ಊಟ. ಅದನ್ನೇ ತಂದೆವು. ಹಾವಿನ ಪೆಟ್ಟಿಗೆ ಮಗಳ ರೂಮಿಗೆ, ಹ್ಯಾಮ್‌ಸ್ಟರ್ ಗೂಡು ಹಾಲ್‌ಗೆ. ಮಧ್ಯದ ಬಾಗಿಲು ಸದಾ ಮುಚ್ಚಿರಬೇಕೆಂದು ಆಂಟಿ ಕಟ್ಟುನಿಟ್ಟು ಮಾಡಿದರು.

ಸುತ್ತಲಿನ ಕನ್ನಡದವರು ಅವರ ಮನೆಗೆ ಬರುವುದು ಕಡಿಮೆಯಾಯಿತು. ಆದರೆ ಹಾವು ನೋಡಲು ಕ್ಲಾಸಿನ ಹುಡುಗಿಯರು ಬರತೊಡಗಿದರು. ಆಂಟಿ ದೂರದಲ್ಲೇ ನಿಂತು ಎಲ್ಲರಿಗೂ ಚಕ್ಕುಲಿ ಕೊಡುತ್ತಿದ್ದರು.

ಚಳಿಗಾಲದ ಒಂದು ಮಧ್ಯಾಹ್ನ. ಹೊರಗೆ ಹಿಮ, ಒಳಗೆ ಕಾರ್ಪೆಟ್ಟಿನ ಮೇಲೆ ಹಾಲಿನಂಥ ಬಿಸಿಲು. ಕಾಫಿ ಕುಡಿಯುತ್ತ ಕೂತಿದ್ದೆವು, ಮಾತು ಕೂಡ ನಿಧಾನವಾಗಿತ್ತು... ಬಿಸಿಲಿನಲ್ಲಿ ಏನೋ ಹರಿದಂತಾಯಿತು. ಹಳದಿ ಗೆರೆ! ಹುಡುಗಿ ಬೆಳಿಗ್ಗೆ ಅವಸರದಲ್ಲಿ ಪೆಟ್ಟಿಗೆಯ ಮುಚ್ಚಳ, ರೂಮಿನ ಬಾಗಿಲು ಎರಡನ್ನೂ ಮರೆತಿದ್ದಳು. ನಾನು ಸೋಫಾ ಹತ್ತಿದೆ. ಹಾವು ಹ್ಯಾಮ್‌ಸ್ಟರ್ ಗೂಡನ್ನು ಕಣ್ಣೆತ್ತಿಯೂ ನೋಡದೆ, ಹೀಟರಿನ ಬಿಸಿ ಗಾಳಿ ಬರುವ ನೆಲದ ಜಾಲರಿಯತ್ತ ಹೊರಟಿತ್ತು. ಒಳಗಿಳಿದರೆ ಮತ್ತೆ ಸಿಗುವಂತಿರಲಿಲ್ಲ. ಆಂಟಿ ಎದ್ದು ಅತ್ತ ಧಾವಿಸಿದರು.

"ಆಂಟಿ, ಬೇಡ!" ಎಂದು ಕೂಗಿದೆ.

ಅದರ ತಲೆ ಜಾಲರಿಯೊಳಗೆ ಇಳಿದಾಗಿತ್ತು. ಆಂಟಿ ಕಣ್ಣು ಮುಚ್ಚಿ, ಮತ್ತೆ ತೆರೆದು, ಬರಿಗೈಯಲ್ಲಿ ಅದನ್ನು ಹಿಡಿದು ಮೆಲ್ಲಗೆ ಮೇಲಕ್ಕೆಳೆದರು. ಹಾವು ಹೆದರಿ ಅವರ ಕೈಮೇಲೆಲ್ಲ ಗಬ್ಬು ನಾರುವ ಏನನ್ನೋ ಬಿಟ್ಟಿತು. ಆಂಟಿ ಬಿಡಲಿಲ್ಲ. ಮಣಿಕಟ್ಟಿಗೆ, ಬಳೆಗಳ ನಡುವೆ ಅದು ಸುತ್ತಿಕೊಂಡಿತು.

"ಇದಕ್ಕೇ ಎಷ್ಟು ಭಯ ಆಗಿದೆ ನೋಡೇ, ಪಾಪ..." ಎಂದರು. ಕೈಯನ್ನು ಮೈಯಿಂದ ಆದಷ್ಟು ದೂರ ಚಾಚಿಕೊಂಡೇ ಮಗಳ ರೂಮಿಗೆ ನಡೆದರು.

ಪೆಟ್ಟಿಗೆ ಮುಚ್ಚಿ, ಕೈ ತೊಳೆದು ತೊಳೆದು ಬಂದ ಮೇಲೆ ಹೇಳಿದರು: "ಅವಳಿಗೆ ಹೇಳ್ಬೇಡಮ್ಮ. ಮುಚ್ಚಳ ಮರೆತೆ ಅಂತ ಕೊರಗ್ತಾಳೆ."

ಆಮೇಲೆ ಅವರು ಅದನ್ನು ಮುಟ್ಟಲೇ ಇಲ್ಲ. ಅಂಕಲ್‌ಗೆ ಅಟ್ಲಾಂಟಾದಲ್ಲೇ ಪರ್ಮನೆಂಟ್ ಆಗಿ, ಎಲ್ಲರೂ ಅಲ್ಲಿನ ಜಾನ್ಸ್ ಕ್ರೀಕ್ ಕಡೆ ಹೋದರು. ಫೋನುಗಳು ಹಬ್ಬಕ್ಕೊಮ್ಮೆ ಆದವು, ಆಮೇಲೆ ಅದೂ...

ಹೋದ ವರ್ಷ ಮಗಳೇ ಫೋನ್ ಮಾಡಿ ಅಮ್ಮ ಹೋದರೆಂದು ಹೇಳಿದಳು. ಅಳುವಿನ ನಡುವೆಯೇ ನಕ್ಕು, "ಅಮ್ಮಂಗೆ ಸ್ನೇಕ್ ಅಂದ್ರೆ ಎಷ್ಟು ಭಯ ಅಲ್ವಾ ಆಂಟಿ? ಒಂದ್ಸಲಾನೂ ಟಚ್ ಮಾಡ್ಲಿಲ್ಲ," ಎಂದಳು.

"ಮಾಡಿದ್ರು ಕಣೇ," ಎಂದೆ. ಎಲ್ಲವನ್ನೂ ಹೇಳಿದೆ.

ಈಗ ಆಗಾಗ ಫೋನ್ ಮಾಡುತ್ತಾಳೆ; ಅದನ್ನೇ ಮತ್ತೆ ಹೇಳಿಸಿಕೊಳ್ಳುತ್ತಾಳೆ. ಕಳೆದ ವಾರ, "ಯಾವ ಕೈಯಲ್ಲಿ ಹಿಡಿದ್ರು ಆಂಟಿ, ಲೆಫ್ಟಾ ರೈಟಾ?" ಎಂದು ಕೇಳಿದಳು. ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ. ಕೇಳಿ ಹೇಳೋಣವೆಂದರೆ, ಆಂಟಿ ಇಲ್ಲ.