ಹನ್ನೆರಡು ಮೈಲಿಯ ಕೂಗು

ದೆವ್ವ ಕಂಡೆ, ಯಾರೂ ಇಲ್ಲದ ಕಡೆ ದನಿ ಕೇಳಿದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. "ಆ ದೆವ್ವಕ್ಕೆ ಮಾಡಲು ಬೇರೆ ಕೆಲಸವಿರಲಿಲ್ಲವೇ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿ ಕೆಲವರ ಸ್ನೇಹವನ್ನೂ ಕಳೆದುಕೊಂಡಿದ್ದೇನೆ. ಕಬ್ಬಿಣದ ಕೆಲಸದಲ್ಲಿ ಬೆಳೆದವನು ನಾನು. ಕಾಯಿಸಿದರೆ ಕೆಂಪಾಗುತ್ತದೆ, ಬಡಿದರೆ ಬಗ್ಗುತ್ತದೆ. ಲೋಕವೆಲ್ಲ ಇಷ್ಟೇ ಎಂದು ತಿಳಿದಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೆಯೇ ತಿಳಿದಿದ್ದೇನೆ. ಆದರೆ ಒಂದು ಸಂಗತಿ ಮಾತ್ರ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಉಳಿದುಬಿಟ್ಟಿದೆ. ಇಂಥವೆಲ್ಲ ಅಮಾವಾಸ್ಯೆಯ ರಾತ್ರಿ ನಡೆಯಬೇಕೆಂಬುದು ಪದ್ಧತಿ. ನನ್ನದು ಹಾಡುಹಗಲಲ್ಲಿ, ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ ನಡೆಯಿತು. ಅದಕ್ಕೆ ನಾನೇನು ಮಾಡಲಿ?

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ರುದ್ರಪ್ಪನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇತ್ತು ಎಂದರೆ ತಪ್ಪಾದೀತು. ಇದೆ.

ಮಹಾಯುದ್ಧ ಮುಗಿಯುತ್ತ ಬಂದಿದ್ದ ಕಾಲ ಅದು. ಭದ್ರಾವತಿಯಲ್ಲಿ ಹೊಳೆಯ ಸೇತುವೆಗೆ ಹತ್ತಿರ, ಬಸ್ಸು ಲಾರಿಗಳನ್ನು ರಿಪೇರಿ ಮಾಡುವ ಒಂದು ಶೆಡ್ಡಿತ್ತು, ಈಗ ಇಲ್ಲ. ನಾನೂ ರುದ್ರಪ್ಪನೂ ಅಲ್ಲಿ ಒಟ್ಟಿಗೇ ಕೆಲಸಕ್ಕೆ ಸೇರಿದವರು. ಆರ್ಮುಗಂ ಎಂಬವರು ನಮ್ಮ ಮೇಸ್ತ್ರಿ, ಸೇಲಂ ಕಡೆಯಿಂದ ಬಂದು ಇಲ್ಲಿಯವರೇ ಆಗಿಹೋಗಿದ್ದವರು. ಕುಲುಮೆಯ ಮುಂದೆ ನನ್ನ ಕೈ ರುದ್ರಪ್ಪನ ಕೈಗಿಂತ ಮೇಲು ಎಂದು ಅವರೇ ನಾಲ್ಕು ಜನರ ಎದುರು ಹೇಳಿದ್ದರು. ಆ ಮಾತಿನ ಮೇಲೆ ನಾನು ಕೆಲವು ತಿಂಗಳು ಸುಖವಾಗಿ ಬದುಕಿದೆ. ಆಮೇಲೆ ಬಂತು ಆ ಯಂತ್ರ.

ಎಲ್ಲಿಯೋ ಯಾರೋ ಬಳಸಿ ಮಾರಿದ್ದ ಆರ್ಕ್ ವೆಲ್ಡಿಂಗ್ ಯಂತ್ರವನ್ನು ಶೆಡ್ಡಿನ ಸಾಹುಕಾರರು ತರಿಸಿದ್ದರು. ನಮ್ಮಲ್ಲಿ ಅದೇ ಮೊದಲು. ಅದನ್ನು ನೆಲೆಗೊಳಿಸುವುದೇ ಒಂದು ಮದುವೆಯ ಕೆಲಸವಾಯಿತು. ದಪ್ಪ ಮರದ ದಿಮ್ಮಿಗಳ ಮೇಲೆ ಕೂರಿಸಿದೆವು. ಶೆಡ್ಡಿನ ಹಿಂದೆ ಗುಂಡಿ ತೋಡಿ, ತಾಮ್ರದ ತಗಡು ಇಳಿಸಿ, ಇದ್ದಿಲು ಉಪ್ಪು ತುಂಬಿ, ಅಲ್ಲಿಂದ ಯಂತ್ರದ ಮೈಗೆ ತಂತಿ ಎಳೆದೆವು. ಕರೆಂಟು ದಾರಿ ತಪ್ಪಿದರೆ ಮನುಷ್ಯನ ಮೈಗೆ ಬರದೆ ಭೂಮಿಗೆ ಇಳಿಯಲಿ ಎಂದು. ಆ ಗುಂಡಿಗೆ ದಿನಾ ಬೆಳಿಗ್ಗೆ ಒಂದು ಕೊಡ ನೀರು. ಆದರೆ ಯಂತ್ರದ ಹತ್ತಿರ ಮಾತ್ರ ಒಂದು ಹನಿಯೂ ಬೀಳಕೂಡದು. ಬೆಸುಗೆ ಹಾಕುವವನು ಒಣಹಲಗೆಯ ಮೇಲೆ ನಿಲ್ಲಬೇಕು, ಕೈಗೆ ಚರ್ಮದ ಗವಸು ಹಾಕಬೇಕು, ಬೆವರಿನಲ್ಲಿ ಗವಸು ನೆನೆದರೆ ಬದಲಾಯಿಸಬೇಕು. "ಇಲ್ಲಿ ನೀರು ಕಂಡ್ರೆ ಹಾವು ಕಂಡಂಗೆ ಹಾರ್ಬೇಕಪ್ಪಾ" ಎಂದು ಮೇಸ್ತ್ರಿ ಎಲ್ಲರಿಗೂ ಬಾಯಿಪಾಠ ಮಾಡಿಸಿದರು. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಡಿ.

ಇಷ್ಟೆಲ್ಲ ಆದ ಮೇಲೆ ಅದರ ಹಿಡಿಕೆಯನ್ನು ಯಾರ ಕೈಗೆ ಕೊಟ್ಟರು? ರುದ್ರಪ್ಪನ ಕೈಗೆ. ನಾನು ಯಾಕೆಂದು ಕೇಳಿಯೇಬಿಟ್ಟೆ.

"ನಿಂದು ಹೊಡೆಯೋ ಕೈ, ಅವನ್ದು ಹಿಡಿಯೋ ಕೈ. ಇದಕ್ಕೆ ಹಿಡಿಯೋ ಕೈ ಬೇಕು" ಎಂದರು ಮೇಸ್ತ್ರಿ.

ನಿಜ ಹೇಳಬೇಕೆಂದರೆ ಅವರು ಹೇಳಿದ್ದು ಸರಿಯಾಗಿತ್ತು. ಹಿಡಿಕೆಗೆ ಸಿಕ್ಕಿಸಿದ ಬೆಸುಗೆ ಕಡ್ಡಿಯ ತುದಿ ಕಬ್ಬಿಣಕ್ಕೆ ತಾಗಿಯೂ ತಾಗದ ಹಾಗೆ, ಅಕ್ಕಿಕಾಳಿನಷ್ಟು ಅಂತರದಲ್ಲಿ ಸಾಗಬೇಕು. ತಾಗಿದರೆ ಅಂಟಿಕೊಳ್ಳುತ್ತದೆ, ದೂರವಾದರೆ ಆರಿಹೋಗುತ್ತದೆ. ಸರಿಯಾಗಿ ಸಾಗಿದರೆ ಎಣ್ಣೆಗೆ ಬೋಂಡ ಬಿಟ್ಟ ಹಾಗೆ ಒಂದೇ ಸಮ ಸದ್ದು. ರುದ್ರಪ್ಪನ ಕೈಯಲ್ಲಿ ಮೂರನೆಯ ದಿನಕ್ಕೇ ಆ ಸದ್ದು ಬಂತು. ಅವನು ಹಾಕಿದ ಬೆಸುಗೆ ಬಿಗಿಯಾಗಿ ಹೆಣೆದ ಜಡೆಯ ಹಾಗಿರುತ್ತಿತ್ತು. ನೋಡಿದಾಗಲೆಲ್ಲ ನನ್ನ ಎದೆಯೊಳಗೆ ಯಾರೋ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಬಂದ ಗಿರಾಕಿಗಳೆಲ್ಲ ಬಾಗಿಲಿನಿಂದಲೇ "ರುದ್ರಪ್ಪ ಇದಾನೇನ್ರೀ?" ಎನ್ನುವರು. ನಾನೇನು ಅಲ್ಲಿ ಕಂಬವೇ? ಹೋಟೆಲಿನವನು ಅವನ ಎಲೆಗೆ ಕೇಳದೆಯೇ ಎರಡನೆಯ ಸಲ ಚಟ್ನಿ ಹಾಕುತ್ತಿದ್ದ. ಅದನ್ನೂ ನಾನು ಗಮನಿಸುತ್ತಿದ್ದೆ. ಮನುಷ್ಯ ಕೆಟ್ಟವನಾಗಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. ಅವನು ಒಳ್ಳೆಯವನು.

ಶೆಡ್ಡಿಗೆ ರಸ್ತೆಯ ಕಡೆ ಗೋಡೆಯಿರಲಿಲ್ಲ. ಮೊದಮೊದಲು ಹೋಗಿಬರುವವರೆಲ್ಲ ನಿಂತು ಆ ನೀಲಿ ಬೆಳಕನ್ನು ಬಾಯಿ ಬಿಟ್ಟು ನೋಡಿದರು. ಕತ್ತಲಾಗುವಷ್ಟರಲ್ಲಿ ಕಣ್ಣಿಗೆ ಮರಳು ತುಂಬಿದಂತಾಗಿ ಸೌತೆಕಾಯಿ ಹೋಳು ಕಟ್ಟಿಕೊಂಡು ಮಲಗಿದರು. ಅದಕ್ಕೆ ರುದ್ರಪ್ಪ ಒಂದು ಪದ್ಧತಿ ಹಾಕಿದ. ಕಡ್ಡಿ ಮುಟ್ಟಿಸುವ ಮೊದಲು ಗಟ್ಟಿಯಾಗಿ "ಕಣ್ಣೂ!" ಎಂದು ಕೂಗುವನು. ಕೂಗು ಕೇಳಿದವರು ಕಣ್ಣು ಮುಚ್ಚಿ ಮುಖ ತಿರುಗಿಸಬೇಕು. ಎತ್ತಿನ ಗಾಡಿ ಹೊಡೆಯುವವರ ಹಾಗೆ ಕೊನೆಯ ಅಕ್ಷರವನ್ನು ಎಳೆದು ಮೇಲಕ್ಕೆತ್ತುವ ದನಿ ಅವನದು. ಅದನ್ನು ಅಣಕಿಸಲು ಎಲ್ಲರೂ ನೋಡಿದರು, ಯಾರಿಗೂ ಬರಲಿಲ್ಲ. ಕೆಲವೇ ದಿನಗಳಲ್ಲಿ ಆ ರಸ್ತೆಯ ಜನಕ್ಕೆ ಅದು ಎಷ್ಟು ರೂಢಿಯಾಯಿತೆಂದರೆ, ಕೂಗಿದೊಡನೆ ಹೊಳೆಯಿಂದ ಬಟ್ಟೆ ಒಗೆದು ಬರುವ ಹೆಂಗಸರು ಕೂಡ ನಿಂತಲ್ಲೇ ಸೇತುವೆಯ ಕಡೆ ತಿರುಗುತ್ತಿದ್ದರು. ನಮಗಂತೂ ಯೋಚನೆಗೆ ಮೊದಲೇ ರೆಪ್ಪೆ ಮುಚ್ಚುತ್ತಿತ್ತು.

ರುದ್ರಪ್ಪನಿಲ್ಲದ ದಿನ ನಾನು ಯಂತ್ರ ಹಿಡಿಯಬಹುದೆಂದು ಮೇಸ್ತ್ರಿ ಹೇಳಿದ್ದರು. ಅವನು ಇಲ್ಲದ ದಿನವೇ ಬರುತ್ತಿರಲಿಲ್ಲ. ಕೊನೆಗೊಂದು ದಿನ ಅವನು ಹನ್ನೆರಡು ಮೈಲಿ ದೂರದ ಶಿವಮೊಗ್ಗಕ್ಕೆ ಹೆಣ್ಣು ನೋಡಲು ಹೊರಟ. ದುರ್ಗಿಗುಡಿಯಲ್ಲಿ ಹೆಣ್ಣಿನ ಮನೆ. ಅನುಕೂಲಸ್ಥರು, ಹುಡುಗಿ ಓದುಬರಹ ಬಲ್ಲವಳು. ಅದಕ್ಕೂ ನನ್ನ ಹೊಟ್ಟೆ ಉರಿಯಿತು. ಆದರೆ ಆವತ್ತು ಯಂತ್ರ ನನ್ನದಾಗಿತ್ತು. ಚೆನ್ನಾಗಿ ಮಾಡಿದರೆ ಮುಂದೆ ಅರ್ಧ ಕೆಲಸವಾದರೂ ನನ್ನ ಪಾಲಿಗೆ ಬರುತ್ತದೆ ಎಂದು ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡೇ ಬಂದೆ.

ಕೆಲಸ ಒಂದು ಬಸ್ಸಿನ ಪೆಟ್ರೋಲ್ ಟ್ಯಾಂಕು. ಯುದ್ಧದ ಅಭಾವದಲ್ಲಿ ಶುರು ಮಾಡಲು ಮಾತ್ರ ಪೆಟ್ರೋಲ್ ಬಳಸಿ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸನ್ನು ಮತ್ತೆ ಪೆಟ್ರೋಲಿಗೆ ಬದಲಾಯಿಸುತ್ತಿದ್ದರು. ಟ್ಯಾಂಕಿನ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಪೆಟ್ರೋಲ್ ಇದ್ದ ಟ್ಯಾಂಕಿಗೆ ಬೆಂಕಿ ತೋರಿಸಬೇಕಾದರೆ ಬಿಸಿನೀರು, ಒಗೆಯುವ ಸೋಡ ಹಾಕಿ ತೊಳೆದು, ಬಿರುಕಿನ ಮಟ್ಟಕ್ಕೆ ನೀರು ತುಂಬಿ, ಒಳಗೆ ಆವಿ ನಿಲ್ಲಲು ಜಾಗವಿಲ್ಲದಂತೆ ಮಾಡಿಕೊಳ್ಳಬೇಕು. ನಾನೇ ತೊಳೆದೆ, ನಾನೇ ತುಂಬಿದೆ, ಊಟಕ್ಕೆ ಹೋದೆ.

ಬಸ್ಸಿನ ಕ್ಲೀನರ್ ಹಾಲಪ್ಪ, ವಯಸ್ಸಾದ ಸಾಧು ಮನುಷ್ಯ, ಟ್ಯಾಂಕಿನ ಪಕ್ಕ ಕೂತಿದ್ದ. ಬಿರುಕಿನಿಂದ ಒಂದೊಂದೇ ಹನಿ ನನ್ನ ಹಲಗೆಯ ಮೇಲೆ ಬೀಳುವುದನ್ನು ಕಂಡ. ಅವನಿಗೆ ಮೇಸ್ತ್ರಿಯ ಬಾಯಿಪಾಠ ನೆನಪಾಯಿತು. ನೀರು ಕಂಡರೆ ಹಾವು! ಪಾಪ, ನನ್ನ ಪ್ರಾಣ ಉಳಿಸಲೆಂದೇ ಟ್ಯಾಂಕು ಬಗ್ಗಿಸಿ ನೀರೆಲ್ಲ ಹೊರಗೆ ಚೆಲ್ಲಿದ; ಅದರ ಬಾಯಿಯೊಳಗೆ ಬಟ್ಟೆ ತೂರಿಸಿ ಒರೆಸಿದ; ಹಲಗೆಯನ್ನೂ ಒಣಗಿಸಿಟ್ಟ. ಟ್ಯಾಂಕಿನ ಒಳಮಡಿಕೆಗಳಲ್ಲಿ ಎಷ್ಟು ತೊಳೆದರೂ ಹೋಗದೆ ಉಳಿದಿದ್ದ ಪೆಟ್ರೋಲು ಆ ಬಿಸಿಲಿಗೆ ಆವಿಯಾಗಿ ತುಂಬಿಕೊಳ್ಳತೊಡಗಿತು. ಹಾಲಪ್ಪ ಬೀಡಿ ಸೇದಲು ಹೊರಗೆ ಹೋದ.

ಇದೊಂದೂ ಆಗ ನನಗೆ ಗೊತ್ತಿಲ್ಲ. ಬಂದೆ. ಅಂಚಿನ ಬಣ್ಣ ಕೆರೆದು ಯಂತ್ರದ ಎರಡನೆಯ ತಂತಿಯ ಹಿಡಿಯನ್ನು ಟ್ಯಾಂಕಿಗೆ ಕಚ್ಚಿಸಿದೆ, ಹಲಗೆ ಹತ್ತಿದೆ, ಕಡ್ಡಿ ಸಿಕ್ಕಿಸಿದೆ, ಕಪ್ಪುಗಾಜಿನ ಮುಖವಾಡವನ್ನು ಮುಖದ ಹತ್ತಿರಕ್ಕೆ ತಂದೆ. ಇನ್ನು ನಾನು ಕೂಗಬೇಕು. ಉಸಿರೆಳೆದುಕೊಂಡೆ.

"ಕಣ್ಣೂ!"

ಕೂಗು ಬಂತು. ಕೂಗಿದ್ದು ನಾನಲ್ಲ. ನನ್ನ ಬೆನ್ನ ಹಿಂದೆ, ಹತ್ತು ಮಾರಿನೊಳಗೆ, ಆ ಎಳೆದ ದನಿಯಲ್ಲಿ, ರುದ್ರಪ್ಪನೇ.

ರೂಢಿ ಎಂಥದು ನೋಡಿ. ಹಿಡಿಕೆ ನನ್ನ ಕೈಯಲ್ಲೇ ಇದ್ದರೂ ನನ್ನ ಕಣ್ಣು ಮುಚ್ಚಿತು, ಮುಖ ತಿರುಗಿತು, ಕೈ ಹಿಂದಕ್ಕೆ ಬಂತು. ಮನಸ್ಸಿಗೆ ಬಂದ ಮೊದಲನೆಯ ಯೋಚನೆ ಭಯವಲ್ಲ, ಸಿಟ್ಟು: ಇವತ್ತೂ ಬಂದುಬಿಟ್ಟನೇ ಹಾಳಾದವನು, ಇದೊಂದು ದಿನವನ್ನೂ ನನಗೆ ಬಿಡಲಿಲ್ಲವೇ! ಹಾಗೆ ಕಣ್ಣು ಮುಚ್ಚಿ ಹಲ್ಲು ಕಡಿಯುತ್ತ ನಿಂತಾಗ ಮೂಗಿಗೆ ಪೆಟ್ರೋಲಿನ ವಾಸನೆ ಬಡಿಯಿತು.

ಹಿಡಿಕೆಯನ್ನು ಮೆಲ್ಲಗೆ ಮರದ ಗೂಟಕ್ಕೆ ಸಿಕ್ಕಿಸಿ ಯಂತ್ರ ನಿಲ್ಲಿಸಿದೆ. ತಿರುಗಿ ನೋಡಿದರೆ ರುದ್ರಪ್ಪ ಇಲ್ಲ. ಮೇಸ್ತ್ರಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಾರೆ. ರಸ್ತೆಯಲ್ಲಿ ಹಾಲಪ್ಪ ಬೀಡಿ ಹಿಡಿದುಕೊಂಡೇ ಕಣ್ಣು ಮುಚ್ಚಿದ್ದಾನೆ. ಚಹಾದವನು ಕೆಟಲು ಕೆಳಗಿಟ್ಟು ಸೇತುವೆಯ ಕಡೆ ತಿರುಗಿದ್ದಾನೆ.

"ರುದ್ರಪ್ಪ ಯಾವಾಗ ಬಂದ್ನಪ್ಪಾ?" ಎಂದರು ಮೇಸ್ತ್ರಿ, ಇನ್ನೂ ಗೋಡೆ ನೋಡುತ್ತಲೇ.

ಒಳಗೆ ಎಷ್ಟು ಆವಿ ತುಂಬಿದೆಯೆಂದು ನೋಡಲು ಟ್ಯಾಂಕನ್ನು ಹೊಳೆಯ ದಂಡೆಗೆ ಹೊತ್ತೊಯ್ದೆವು. ಎಲ್ಲರನ್ನೂ ದೂರ ನಿಲ್ಲಿಸಿ, ಮೇಸ್ತ್ರಿ ಮಣ್ಣಿನ ದಿಬ್ಬದ ಮರೆಯಿಂದ ಉದ್ದನೆಯ ಬಿದಿರಿಗೆ ಉರಿಯುವ ಬಟ್ಟೆ ಕಟ್ಟಿ ಅದರ ಬಾಯಿಗೆ ಹಿಡಿದರು. ಟ್ಯಾಂಕಿನ ಒಂದು ಮಗ್ಗುಲು ಬಾಳೆಹಣ್ಣಿನ ಸಿಪ್ಪೆಯ ಹಾಗೆ ತೆರೆದುಕೊಂಡಿತು. ಕಾಗೆಗಳೆಲ್ಲ ಎದ್ದವು. ಹಾಲಪ್ಪ ತಾನು ನೀರು ಚೆಲ್ಲಿದ್ದನ್ನು ಹೇಳಿ ಅಲ್ಲೇ ಕೂತು ಅತ್ತ. ಮೇಸ್ತ್ರಿ ನನ್ನ ಬೆನ್ನ ಮೇಲೆ ಕೈಯಿಟ್ಟರು.

ಇಷ್ಟೇ ಆಗಿದ್ದರೆ ಕಿವಿಯ ಭ್ರಮೆ ಎನ್ನುತ್ತಿದ್ದೆ. ನಾಲ್ಕು ಜನರ ಕಿವಿಗೂ ಒಂದೇ ಭ್ರಮೆ ಎಂದು ಹೇಗೋ ಹೊಂದಿಸಿಕೊಳ್ಳುತ್ತಿದ್ದೆ. ಮಾರನೆಯ ಬೆಳಿಗ್ಗೆ ರುದ್ರಪ್ಪ ಬಂದ, ಮುಖ ಇಳಿಬಿಟ್ಟುಕೊಂಡು. ಏನಾಯಿತೆಂದು ಕೇಳಿದೆ.

"ಮಾನ ಹೋಯ್ತು ಮಾರಾಯ" ಎಂದ. "ಚಾಪೆ ಮೇಲೆ ಕೂತಿದ್ವಿ. ಆಯನೂರಿಂದ ಹುಡುಗಿ ಸೋದರಮಾವನೂ ಬಂದಿದ್ರು. ಗೋಡೆ ಗಡಿಯಾರ ಮೂರು ಹೊಡೀತು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡು ಬಂದ್ಲು, ಬಗ್ಗಿದ್ಲು. ನಾನು ಧಡಕ್ಕನೆ ಎದ್ದು 'ಕಣ್ಣೂ!' ಅಂತ ಕೂಗಿಬಿಟ್ಟೆ."

"ಯಾಕೆ?"

"ಯಾಕೋ ನಂಗೇನು ಗೊತ್ತು? ಬಾಯಿಂದ ಬಂತು, ಅಷ್ಟೇ. ತಟ್ಟೆ ಬಿತ್ತು. ಹುಡುಗನಿಗೆ ಮೈಮೇಲೆ ಏನೋ ಬರುತ್ತೆ, ಈ ಸಂಬಂಧ ಬೇಡ ಅಂದ್ರು."

ನಾನು ಆಗ ಎಲ್ಲವನ್ನೂ ಹೇಳಿದೆ. ಸೀಳಿದ ಟ್ಯಾಂಕನ್ನು ತೋರಿಸಿದೆ. ಅವನು ಅದರ ಅಂಚನ್ನು ಬಹಳ ಹೊತ್ತು ಸವರಿದ. ಆಮೇಲೆ, "ಹೋಗ್ಲಿ ಬಿಡು. ಹೆಣ್ಣು ಇನ್ನೊಂದು ಸಿಗುತ್ತೆ" ಎಂದು ಹೇಳಿ ಗವಸು ಹಾಕಿಕೊಂಡ. ನನಗೆ ಕೃತಜ್ಞತೆ ಬರಬೇಕಿತ್ತು. ಬಂತು ಕೂಡ. ಅದರ ಬೆನ್ನಿಗೇ, ಇವನು ಇಷ್ಟು ಸುಲಭವಾಗಿ ಹೀಗೆ ಹೇಳಬಲ್ಲನಲ್ಲ ಎಂದು ಹಳೆಯ ಉರಿಯೂ ಬಂತು. ಮುಂದಿನ ವರ್ಷ ಅವನಿಗೆ ಅದಕ್ಕಿಂತ ಒಳ್ಳೆಯ ಕಡೆ ಮದುವೆಯಾಯಿತು. ನಾನು ಹೋಗಿ ಎರಡು ಸಲ ಹೋಳಿಗೆ ಹಾಕಿಸಿಕೊಂಡು ಉಂಡೆ.

ಬಹಳ ವರ್ಷಗಳ ನಂತರ, ನಾನು ಶಿವಮೊಗ್ಗದಲ್ಲಿ ಸ್ವಂತ ಅಂಗಡಿ ಹಾಕಿಕೊಂಡಿದ್ದಾಗ, ಒಂದು ಮಧ್ಯಾಹ್ನ ಭದ್ರಾವತಿಯ ಶೆಡ್ಡಿನಲ್ಲಿ ರುದ್ರಪ್ಪ ಬೆಸುಗೆಯ ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ಕುಟ್ಟಿ ತೆಗೆಯುತ್ತಿದ್ದ. ಕಾದ ಚೂರೊಂದು ಸಿಡಿದು ಎಡಗಣ್ಣಿಗೆ ಬಿತ್ತು. ಕಣ್ಣು ಉಳಿಯಲಿಲ್ಲ. ಆ ಕ್ಷಣಕ್ಕೆ ಸರಿಯಾಗಿ ಯಾರಾದರೂ "ಕಣ್ಣು" ಎಂದಿದ್ದರೆ ಅವನ ರೆಪ್ಪೆ ತಾನಾಗಿಯೇ ಮುಚ್ಚುತ್ತಿತ್ತು.

ನೋಡಲು ಹೋದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿದ್ದ. ನನ್ನ ಹೆಜ್ಜೆಯ ಸದ್ದಿಗೇ ಗುರುತು ಹಿಡಿದು ನಕ್ಕ.

"ನೀನೂ ಒಂದ್ಸಲ ಕೂಗಬಾರ್ದಿತ್ತೇನೋ ಮಾರಾಯ?"

ತಮಾಷೆಗೇ ಅಂದ. ನನಗೆ ನಗು ಬರಲಿಲ್ಲ. ದಾರಿ ಅದೇ ಹನ್ನೆರಡು ಮೈಲಿ. ಆ ಕಡೆಯಿಂದ ಒಮ್ಮೆ ಕೂಗು ಬಂದದ್ದು ಹೇಗೆಂದು ನನಗೆ ಇಂದಿಗೂ ಗೊತ್ತಿಲ್ಲ. ಈ ಕಡೆಯಿಂದ ಯಾಕೆ ಹೋಗಲಿಲ್ಲ ಎಂಬುದೂ ಗೊತ್ತಿಲ್ಲ. ಅವನಿಗೆ ಕಣ್ಣು ಹೋದ ಆ ಹೊತ್ತಿನಲ್ಲಿ ನಾನು ಕ್ಷೌರದ ಅಂಗಡಿಯಲ್ಲಿ ಕೂತಿದ್ದೆ. ಮೈಗೆ ಒಂದು ನಡುಕ ಬರಲಿಲ್ಲ, ಮನಸ್ಸಿಗೆ ಒಂದು ಸೂಚನೆ ಸಿಗಲಿಲ್ಲ. ಅಲ್ಲಿದ್ದಷ್ಟು ಹೊತ್ತು ನಾನು ಬಾಯಿ ತೆರೆದದ್ದು ಒಂದೇ ಸಲ, ಮೀಸೆ ಇನ್ನೂ ಸ್ವಲ್ಪ ಸಣ್ಣಗೆ ಮಾಡು ಎಂದು ಹೇಳಲು.